ಸದರಿ ಆಬ್ಜೆಕ್ಟ್

ಪ್ರೋಗ್ರಾಮಿನ ಮೆಮೊರಿಯಲ್ಲಿರುವ ಆಬ್ಜೆಕ್ಟನ್ನು ಬೈಟ್‌ಗಳ ಸಾಲಾಗಿ ಮಾಡಿ ಫೈಲಿಗೆ ಬರೆಯುವುದು ಅಥವಾ ನೆಟ್‌ವರ್ಕಿನಲ್ಲಿ ಕಳಿಸುವುದು ಸೀರಿಯಲೈಸೇಷನ್. ಆ ಬೈಟ್‌ಗಳಿಂದ ಆಬ್ಜೆಕ್ಟನ್ನು ಮರಳಿ ಕಟ್ಟುವುದು ಡಿಸೀರಿಯಲೈಸೇಷನ್. ಒಮ್ಮೆ ಕಟ್ಟಿದ ಮೇಲೆ ಎಂದೂ ಬದಲಾಗದ ಆಬ್ಜೆಕ್ಟಿಗೆ ಇದು ಸರಾಗವಾದ ಕೆಲಸ. ಬದಲಾಗಬಲ್ಲ ಆಬ್ಜೆಕ್ಟಿಗೆ ಮಾತ್ರ ಎರಡು ಮುಖಗಳಿವೆ. ಒಂದು, ಈ ಕ್ಷಣದಲ್ಲಿ ಅದರ ಫೀಲ್ಡ್‌ಗಳಲ್ಲಿರುವ ಸ್ಥಿತಿ. ಇನ್ನೊಂದು, ಸ್ಥಿತಿ ಎಷ್ಟು ಸಲ ಬದಲಾದರೂ ಅದು ಅದೇ ಆಬ್ಜೆಕ್ಟಾಗಿ ಉಳಿಯುವ ಗುರುತು. ಬೈಟ್‌ಗಳಿಗೆ ಇಳಿಯುವುದು ಸ್ಥಿತಿ ಮಾತ್ರ, ಗುರುತು ಹುಟ್ಟಿದ ಪ್ರೋಗ್ರಾಮಿನಲ್ಲೇ ಉಳಿಯುತ್ತದೆ. ಇವೆರಡೂ ಅಗಲಿದ ಕಡೆ ತೊಂದರೆಗಳು ಹುಟ್ಟುತ್ತವೆ. ಬಹುತೇಕ ಸಂದರ್ಭದಲ್ಲಿ ಯಾವ ಎರರ್ ಸಂದೇಶವೂ ಬರುವುದಿಲ್ಲ. ಕಾರಣ ತಿಳಿಯಬೇಕಾದರೆ ಬೈಟ್‌ಗಳನ್ನು ಒಂದೊಂದಾಗಿ ಓದಬೇಕು, ಆ ಓದು ಪ್ರೋಗ್ರಾಮಿಂಗ್ ಕಸುಬಿನ ಅತ್ಯಂತ ರುಚಿಕಟ್ಟಾದ ಕೆಲಸಗಳಲ್ಲೊಂದು.

ಪ್ರಶ್ನೆ ಹಳೆಯದು. ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡ ಕ್ಲೂ ಭಾಷೆ 1970ರ ದಶಕದಲ್ಲೇ ಬದಲಾಗುವ ಮತ್ತು ಬದಲಾಗದ ಆಬ್ಜೆಕ್ಟ್‌ಗಳ ನಡುವೆ ಸ್ಪಷ್ಟ ಗೆರೆ ಎಳೆದಿತ್ತು. ಅದೇ ಬಳಗದ ಮಾರಿಸ್ ಹರ್ಲಿಹಿ ಮತ್ತು ಬಾರ್ಬರಾ ಲಿಸ್ಕೋವ್ 1982ರಲ್ಲಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಮೌಲ್ಯಗಳನ್ನು ಸಾಗಿಸುವ ವಿಧಾನದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಎರಡು ಕಡೆಯಿಂದ ಹಂಚಿಕೊಂಡ ಆಬ್ಜೆಕ್ಟ್ ಸಾಗಣೆಯಲ್ಲಿ ಏನಾಗಬೇಕು ಎಂಬುದು ಅವರ ವಿಚಾರದಲ್ಲೇ ಇತ್ತು. ಆದರೆ ಈ ಸೌಲಭ್ಯ ಸಾಮಾನ್ಯ ಪ್ರೋಗ್ರಾಮರನ ಕೈಗೆ ಬಂದದ್ದು 1997ರಲ್ಲಿ, ಜಾವಾ 1.1 ಆವೃತ್ತಿಯೊಂದಿಗೆ. ಕ್ಲಾಸಿನ ಹೆಸರಿನ ಮುಂದೆ ‘ಸೀರಿಯಲೈಸೆಬಲ್’ ಎಂದು ಸೇರಿಸಿದರೆ ಸಾಕು, ಉಳಿದದ್ದನ್ನೆಲ್ಲ ಜಾವಾ ತಾನೇ ನೋಡಿಕೊಳ್ಳುತ್ತದೆ ಎಂಬುದು ಅದರ ಆಕರ್ಷಣೆ. ಅಷ್ಟು ಸುಲಭಕ್ಕೆ ಸಿಕ್ಕ ಕಾರಣಕ್ಕೇ ಅದರ ಒಳಗಿನ ನಿಯಮಗಳನ್ನು ಹೆಚ್ಚಿನವರು ನೋಡಲಿಲ್ಲ.

ಆ ನಿಯಮಗಳಲ್ಲಿ ಮೊದಲನೆಯದು ಸೊಗಸಾದದ್ದು. ಒಂದು ಆಬ್ಜೆಕ್ಟನ್ನು ಬರೆಯುವುದೆಂದರೆ ಅದು ಮುಟ್ಟುವ ಎಲ್ಲ ಆಬ್ಜೆಕ್ಟ್‌ಗಳನ್ನೂ ಬರೆಯುವುದು. ಗಿಡದ ರಚನೆಯಲ್ಲಿ ತಾಯಿ ನೋಡ್ ಮಗುವನ್ನು ತೋರಿಸುತ್ತದೆ, ಮಗು ತಾಯಿಯನ್ನು ತೋರಿಸುತ್ತದೆ. ಸುಮ್ಮನೆ ಬರೆಯುತ್ತ ಹೋದರೆ ಕೆಲಸ ಎಂದೂ ಮುಗಿಯದು. ಅದಕ್ಕೇ ಜಾವಾದ ಔಟ್‌ಪುಟ್ ಸ್ಟ್ರೀಮ್ ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ. ಬರೆದ ಪ್ರತಿ ಆಬ್ಜೆಕ್ಟಿಗೂ ಹ್ಯಾಂಡಲ್ ಎಂಬ ಸಂಖ್ಯೆ ಕೊಡುತ್ತದೆ. ಅದೇ ಆಬ್ಜೆಕ್ಟ್ ಮತ್ತೆ ಎದುರಾದರೆ ಒಳಗಿನದೆಲ್ಲವನ್ನೂ ಪುನಃ ಬರೆಯದೆ ಆ ಸಂಖ್ಯೆಯನ್ನಷ್ಟೇ ಬರೆಯುತ್ತದೆ. ಕ್ರಯಪತ್ರದಲ್ಲಿ ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿಯನ್ನು ಒಂದು ಸಲ ಪೂರ್ತಿ ಬರೆದು ಆಮೇಲೆ ಎಲ್ಲೆಡೆ ‘ಸದರಿ ಸ್ವತ್ತು’ ಎಂದು ಮುಗಿಸುವ ಪತ್ರಬರಹಗಾರನ ಜಾಣ್ಮೆಯೇ ಇಲ್ಲೂ ಇದೆ. ಸುತ್ತು ಹಾಕುವ ರೆಫರೆನ್ಸ್‌ಗಳು ಇದರಿಂದ ಸುಲಲಿತವಾಗಿ ಬಿಡಿಸಿಕೊಳ್ಳುತ್ತವೆ. ಎರಡು ಕಡೆಯಿಂದ ಹಂಚಿಕೊಂಡ ಆಬ್ಜೆಕ್ಟ್ ಆ ಕಡೆಯಲ್ಲೂ ಒಂದೇ ಆಬ್ಜೆಕ್ಟಾಗಿ ಮೈದಳೆಯುತ್ತದೆ.

ಪತ್ರ ಬರೆದು ಮುಗಿಯುವ ಮೊದಲೇ ಚೆಕ್ಕುಬಂದಿ ಬದಲಾದರೆ? ‘ಸದರಿ’ ಹಳೆಯ ವಿವರವನ್ನೇ ತೋರಿಸುತ್ತದೆ. ಈ ವಿಷಯದ ಅತ್ಯಂತ ಪ್ರಸಿದ್ಧ ಗುಂಡಿ ಇದೇ.

ಕ್ರಿಕೆಟ್ ಪಂದ್ಯದ ಸ್ಕೋರನ್ನು ಹಿಡಿದಿಡುವ ಒಂದು ಸಣ್ಣ ಕ್ಲಾಸನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿ ಎರಡೇ ಪೂರ್ಣಾಂಕ ಫೀಲ್ಡ್‌ಗಳು: ಓಟ ಮತ್ತು ವಿಕೆಟ್. ಸರ್ವರ್ ಪ್ರೋಗ್ರಾಮು ಒಂದೇ ಸ್ಕೋರ್ ಆಬ್ಜೆಕ್ಟನ್ನು ಇಟ್ಟುಕೊಂಡು, ಚೆಂಡೆಸೆತದ ನಂತರ ಓಟಗಳನ್ನು ತಿದ್ದಿ, ತೆರೆದೇ ಇರುವ ಸ್ಟ್ರೀಮಿಗೆ ‘ರೈಟ್‌ಆಬ್ಜೆಕ್ಟ್’ ಮೆಥಡ್ ಮೂಲಕ ಬರೆಯುತ್ತದೆ. ಮೊದಲ ಸಲ ಓಟ 48. ನಂತರ ಬೌಂಡರಿ ಬಿತ್ತು, ಓಟ 52 ಆಯಿತು, ಮತ್ತೆ ಬರೆಯಲಾಯಿತು. ಆ ಕಡೆ ಓದುವವನಿಗೆ ಎರಡು ಸಲವೂ ಸಿಗುವುದು 48. ಮೂರನೆಯ ಸಲವೂ ಅದೇ, ಪಂದ್ಯ ಮುಗಿಯುವವರೆಗೂ ಅದೇ. ಸಂಪರ್ಕ ಕಡಿದಿಲ್ಲ, ಎಕ್ಸೆಪ್ಶನ್ ಬಿದ್ದಿಲ್ಲ, ಸರ್ವರಿನ ಲಾಗ್‌ನಲ್ಲಿ 52 ಎಂದೇ ಇದೆ.

ಇಂಥ ಹೊತ್ತಿನಲ್ಲಿ ಊಹೆಗಳನ್ನು ಬದಿಗಿಟ್ಟು ಬೈಟ್‌ಗಳನ್ನೇ ಹರಡಿಕೊಂಡು ಕೂರಬೇಕು. ಜಾವಾ ಸ್ಟ್ರೀಮ್ ಹೆಕ್ಸ್ ಲೆಕ್ಕದಲ್ಲಿ ‘ಎಸಿ ಇಡಿ 00 05’ ಎಂದು ಆರಂಭವಾಗುತ್ತದೆ. ಮೊದಲ ಎರಡು ಬೈಟ್ ಗುರುತಿನ ಮುದ್ರೆ, ಮುಂದಿನ ಎರಡು ಆವೃತ್ತಿ. ಆಮೇಲೆ 73, ಅಂದರೆ ಹೊಸ ಆಬ್ಜೆಕ್ಟ್. ಅದರ ಬೆನ್ನಿಗೆ 72, ಕ್ಲಾಸಿನ ವಿವರಣೆ: ಹೆಸರು, ಎಂಟು ಬೈಟಿನ ಆವೃತ್ತಿ ಸಂಖ್ಯೆ, ಫೀಲ್ಡ್‌ಗಳ ಹೆಸರು ಮತ್ತು ಬಗೆ. ಕೊನೆಗೆ ಮೌಲ್ಯಗಳು. ನಾಲ್ಕು ಬೈಟಿನಲ್ಲಿ 00 00 00 30 ಎಂದು ಬರೆದಿರುವ 48 ಅಲ್ಲಿ ಕಣ್ಣಿಗೆ ಬೀಳುತ್ತದೆ. ಎರಡನೆಯ ಬರವಣಿಗೆಯ ಜಾಗಕ್ಕೆ ಬಂದರೆ ಕಾಣುವುದು ಐದೇ ಬೈಟ್: 71 00 7ಇ 00 01. ಇದರಲ್ಲಿ 71 ಎಂಬುದೇ ‘ಸದರಿ’. ಉಳಿದ ನಾಲ್ಕು ಬೈಟ್ ಹ್ಯಾಂಡಲ್ ಸಂಖ್ಯೆ. ಎಣಿಕೆ 00 7ಇ 00 00ಯಿಂದ ಶುರುವಾಗುತ್ತದೆ, ಆ ಮೊದಲ ಸಂಖ್ಯೆ ಕ್ಲಾಸಿನ ವಿವರಣೆಗೆ ಹೋಗಿದೆ, ಎರಡನೆಯದು ಸ್ಕೋರ್ ಆಬ್ಜೆಕ್ಟಿಗೆ. 52 ಎಂಬ ಸಂಖ್ಯೆ ತಂತಿಯನ್ನು ಏರಿಯೇ ಇಲ್ಲ. ದಿನಗಟ್ಟಲೆ ಬಿಡಿಸಲಾಗದ ಒಗಟು ಐದು ಬೈಟ್‌ಗಳಲ್ಲಿ ಹೀಗೆ ಬಯಲಾಗುವಾಗಿನ ಸಂತೋಷ ಈ ಕಸುಬಿನಲ್ಲಿರುವವರಿಗೆ ಗೊತ್ತು. ಸ್ಟ್ರೀಮ್ ಸುಳ್ಳು ಹೇಳಿಲ್ಲ. ಅದೇ ಆಬ್ಜೆಕ್ಟ್ ಎಂದು ಹೇಳಿದೆ, ಅದು ನಿಜವೇ. ಓದುವ ಕಡೆಯೂ ಎರಡು ಓದಿಗೆ ಒಂದೇ ಆಬ್ಜೆಕ್ಟನ್ನು ಮರಳಿಸಿ ಗುರುತನ್ನು ಕಾಪಾಡಿದೆ. ಕಳೆದುಹೋದದ್ದು ಸ್ಥಿತಿ.

ಪರಿಹಾರಗಳು ಮೂರು. ‘ರಿಸೆಟ್’ ಮೆಥಡ್ ಕರೆದರೆ ಸ್ಟ್ರೀಮ್ ತನ್ನ ಪಟ್ಟಿಯನ್ನು ಅಳಿಸುತ್ತದೆ, ಓದುವವನಿಗೂ ಅಳಿಸಲು ಒಂದು ಬೈಟಿನ ಸೂಚನೆ ಕಳಿಸುತ್ತದೆ. ಆಗ ಕ್ಲಾಸಿನ ವಿವರಣೆಗಳೂ ಮೊದಲಿನಿಂದ ಹೋಗಬೇಕಾಗಿ ಸಾಗಣೆಯ ಭಾರ ಹೆಚ್ಚುತ್ತದೆ. ಎರಡನೆಯದು ‘ರೈಟ್‌ಅನ್‌ಶೇರ್ಡ್’. ಇದು ಆಬ್ಜೆಕ್ಟನ್ನು ಪ್ರತಿ ಸಲವೂ ಹೊಸದೆಂದೇ ಬರೆಯುತ್ತದೆ. ಆದರೆ ಈ ಔದಾರ್ಯ ಮೇಲಿನ ಆಬ್ಜೆಕ್ಟಿಗೆ ಮಾತ್ರ ಸಲ್ಲುತ್ತದೆ. ಅದರ ಒಳಗೊಂದು ಪಟ್ಟಿಯಿದ್ದರೆ ಆ ಪಟ್ಟಿ ಹಳೆಯ ‘ಸದರಿ’ಯಾಗಿಯೇ ಹೋಗುತ್ತದೆ. ಸಮಸ್ಯೆ ಬಗೆಹರಿಯಿತು ಎಂದು ಭಾವಿಸಿದ ಮೇಲೆ ಕಾಡುವ ತಪ್ಪು ಇದು, ಅದಕ್ಕೇ ಮೊದಲನೆಯದಕ್ಕಿಂತ ಹೆಚ್ಚು ಕಷ್ಟ ಕೊಡುತ್ತದೆ. ಮೂರನೆಯದು ಪ್ರತಿ ಸಲವೂ ಬದಲಾಗದ ಹೊಸ ಆಬ್ಜೆಕ್ಟನ್ನು ಕಟ್ಟಿ ಕಳಿಸುವುದು. ಮೂರರಲ್ಲಿ ಒಳ್ಳೆಯದು ಇದೇ. ಆದರೂ ಅದೊಂದೇ ಸಾಲದು. ಸ್ಟ್ರೀಮಿನ ಹ್ಯಾಂಡಲ್ ಪಟ್ಟಿಯು ಬರೆದ ಪ್ರತಿ ಆಬ್ಜೆಕ್ಟನ್ನೂ ಹಿಡಿದುಕೊಂಡಿರುತ್ತದೆ, ಗಾರ್ಬೇಜ್ ಕಲೆಕ್ಟರ್ ಅವನ್ನು ಮುಟ್ಟುವಂತಿಲ್ಲ. ದಿನವಿಡೀ ತೆರೆದಿರುವ ಸ್ಟ್ರೀಮ್ ಹೀಗೆ ಮೆಮೊರಿಯನ್ನು ಮೆಲ್ಲಗೆ ನುಂಗುತ್ತದೆ. ಲಾಗ್ ಸಂದೇಶಗಳನ್ನು ಸಾಕೆಟ್ ಮೂಲಕ ಕಳಿಸುತ್ತಿದ್ದ ಹಳೆಯ ಲಾಗ್‌4ಜೆ ಲೈಬ್ರರಿ ಸ್ಟ್ರೀಮನ್ನು ತಪ್ಪದೆ ರಿಸೆಟ್ ಮಾಡುತ್ತಿದ್ದುದು ಈ ಕಾರಣಕ್ಕೆ.

ಪೈಥಾನ್‌ನ ಪಿಕಲ್ ಮಾಡ್ಯೂಲಿನಲ್ಲೂ ಇಂಥದೇ ಪಟ್ಟಿಯಿದೆ, ಅದರ ಹೆಸರು ಮೆಮೊ. ಒಂದೇ ಪಿಕ್ಲರ್‌ನಿಂದ ಒಂದು ಲಿಸ್ಟನ್ನು ಬರೆದು, ತಿದ್ದಿ, ಮತ್ತೆ ಬರೆದರೆ ಎರಡನೆಯದು ಮೊದಲನೆಯದರತ್ತ ಬೆರಳು ತೋರಿಸುತ್ತದೆ. ಮೆಮೊವನ್ನು ತೆರವು ಮಾಡುವ ಮೆಥಡ್ ಅಲ್ಲೂ ಇದೆ. ಆದರೆ ಪೈಥಾನ್ ಪ್ರೋಗ್ರಾಮರರು ಹೆಚ್ಚಾಗಿ ಪ್ರತಿ ಸಲವೂ ಹೊಸ ಪಿಕ್ಲರ್ ಸೃಷ್ಟಿಸುವ ‘ಡಂಪ್’ ಫಂಕ್ಷನ್ನನ್ನೇ ಬಳಸುವುದರಿಂದ ಈ ಗುಂಡಿಗೆ ಬೀಳುವುದು ಕಡಿಮೆ. ಅವರಿಗಾಗಿ ಬೇರೆ ಎರಡು ಕಾದಿವೆ.

ಒಂದು ಶೆಲ್ವ್ ಮಾಡ್ಯೂಲಿನದು. ಇದು ಕೊಡುವ ಶೆಲ್ಫ್ ಎಂದರೆ ಡಿಸ್ಕಿನ ಮೇಲಿರುವ ನಿಘಂಟು. ಕೀ ಕೊಟ್ಟರೆ ಪಿಕಲ್ ಮಾಡಿಟ್ಟ ಮೌಲ್ಯ ಸಿಗುತ್ತದೆ. ಆ ಮೌಲ್ಯ ಒಂದು ಲಿಸ್ಟ್ ಆಗಿದ್ದು, ಅದಕ್ಕೆ ಒಂದೇ ಸಾಲಿನಲ್ಲಿ ‘ಅಪೆಂಡ್’ ಮಾಡಿದರೆ ಸಾಲು ತಪ್ಪಿಲ್ಲದೆ ಓಡುತ್ತದೆ, ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ಶೆಲ್ಫ್ ಕೊಟ್ಟದ್ದು ಆಗತಾನೇ ಬಿಚ್ಚಿದ ಪ್ರತಿ. ಹೊಸ ಅಂಶ ಸೇರಿದ್ದು ಆ ಪ್ರತಿಗೆ, ಮರುಗಳಿಗೆಯಲ್ಲಿ ಪ್ರತಿಯೇ ಇಲ್ಲ. ಸರಿಯಾದ ಕ್ರಮವೆಂದರೆ ಹೊರತೆಗೆದು, ತಿದ್ದಿ, ಅದೇ ಕೀಗೆ ಮತ್ತೆ ಹಚ್ಚುವುದು. ‘ರೈಟ್‌ಬ್ಯಾಕ್’ ಆಯ್ಕೆ ಹಾಕಿದರೆ ಶೆಲ್ಫ್ ತಾನೇ ಈ ಕೆಲಸ ಮಾಡುತ್ತದೆ, ಆದರೆ ಯಾವುದು ಬದಲಾಗಿದೆ ಎಂದು ತಿಳಿಯುವ ದಾರಿ ಅದಕ್ಕಿಲ್ಲ. ಹಾಗಾಗಿ ಮುಟ್ಟಿದ್ದೆಲ್ಲವನ್ನೂ ಮೆಮೊರಿಯಲ್ಲಿ ಇಟ್ಟುಕೊಂಡು ಮುಚ್ಚುವಾಗ ಎಲ್ಲವನ್ನೂ ಪುನಃ ಬರೆಯುತ್ತದೆ. ಹಲವು ಸರ್ವರ್‌ಗಳಲ್ಲಿ ಹರಡಿದ ಜಾವಾ ವೆಬ್ ಸೆಷನ್‌ಗಳದ್ದೂ ಇದೇ ಪಾಡು. ಸೆಷನ್ನಿನಿಂದ ತೆಗೆದ ಆಬ್ಜೆಕ್ಟನ್ನು ತಿದ್ದಿ ‘ಸೆಟ್‌ಆಟ್ರಿಬ್ಯೂಟ್’ ಕರೆಯದೆ ಬಿಟ್ಟರೆ, ಬದಲಾವಣೆಯನ್ನು ಆ ಕರೆಯಿಂದಲೇ ಗುರುತಿಸುವ ವ್ಯವಸ್ಥೆಗಳಲ್ಲಿ ಪಕ್ಕದ ಸರ್ವರಿಗೆ ಅದು ತಲುಪುವುದೇ ಇಲ್ಲ.

ಇನ್ನೊಂದು ಇದಕ್ಕೆ ತಿರುಗುಮುರುಗು. ಪೈಥಾನ್‌ನ ಮಲ್ಟಿಪ್ರೊಸೆಸಿಂಗ್ ಕ್ಯೂಗೆ ಒಂದು ನಿಘಂಟನ್ನು ಹಾಕಿದಾಗ ಅದು ಆ ಕ್ಷಣದಲ್ಲೇ ಬೈಟ್‌ಗಳಾಗುತ್ತದೆ ಎಂದು ಯಾರಾದರೂ ನಂಬುತ್ತಾರೆ. ಸಿಪೈಥಾನ್ ಅಳವಡಿಕೆಯಲ್ಲಿ ‘ಪುಟ್’ ಮಾಡುವುದು ಆಬ್ಜೆಕ್ಟನ್ನು ಒಂದು ಬಫರಿಗೆ ಸೇರಿಸುವ ಕೆಲಸವಷ್ಟೇ. ಅದನ್ನು ಪಿಕಲ್ ಮಾಡುವುದು ಹಿನ್ನೆಲೆಯಲ್ಲಿ ಓಡುವ ಬೇರೊಂದು ಥ್ರೆಡ್. ಕ್ಯೂಗೆ ಹಾಕಿದ ಕೂಡಲೇ ಅದೇ ನಿಘಂಟನ್ನು ಮುಂದಿನ ಕೆಲಸಕ್ಕೆಂದು ತಿದ್ದಿದರೆ, ಆ ಕಡೆಗೆ ಒಮ್ಮೆ ಹಳೆಯದು, ಒಮ್ಮೆ ಹೊಸದು ಹೋಗುತ್ತದೆ. ಜಾವಾ ಸ್ಟ್ರೀಮಿನಲ್ಲಿ ತಲುಪಬೇಕಾದ ಬದಲಾವಣೆ ತಲುಪಲಿಲ್ಲ, ಇಲ್ಲಿ ತಲುಪಬಾರದ್ದು ತಲುಪಿತು. ಬೈಟ್‌ಗಳಾಗುವ ಕ್ಷಣ ಯಾವುದು ಎಂಬುದನ್ನು ಕರೆಯುವವನು ತಿಳಿದಿರಲೇಬೇಕು, ಎಪಿಐನ ಹೆಸರು ಅದನ್ನು ಹೇಳುವುದಿಲ್ಲ.

ಜೇಸನ್‌ನಂಥ ಸರಳ ರೂಪಗಳಲ್ಲಿ ‘ಸದರಿ’ ಎನ್ನಲು ಪದವೇ ಇಲ್ಲ. ಗಂಡ ಹೆಂಡತಿ ಇಬ್ಬರ ದಾಖಲೆಗಳೂ ಒಂದೇ ವಿಳಾಸದ ಆಬ್ಜೆಕ್ಟನ್ನು ತೋರಿಸುತ್ತಿದ್ದರೆ, ಜೇಸನ್‌ಗೆ ಇಳಿಸಿ ಮರಳಿ ಓದಿದಾಗ ಎರಡು ವಿಳಾಸಗಳಾಗುತ್ತವೆ. ಓದಿದ ಕೂಡಲೇ ಹೋಲಿಸಿದರೆ ಎಲ್ಲವೂ ಸರಿ, ಏಕೆಂದರೆ ಮೌಲ್ಯಗಳು ಸಮ. ಮನೆ ಬದಲಾಯಿಸಿದ ದಿನ ಒಬ್ಬರ ವಿಳಾಸ ತಿದ್ದಿದರೆ ಇನ್ನೊಬ್ಬರದು ಹಳೆಯದಾಗಿಯೇ ಉಳಿಯುತ್ತದೆ. ತಪ್ಪು ನಡೆದದ್ದು ಓದುವಾಗ, ಕಾಣಿಸಿಕೊಂಡದ್ದು ತಿದ್ದುವಾಗ. ನಡುವೆ ತಿಂಗಳುಗಳೇ ಕಳೆದಿರಬಹುದು. ಸುತ್ತು ಹಾಕುವ ರೆಫರೆನ್ಸ್ ಎದುರಾದರೆ ಮಾತ್ರ ಜಾವಾಸ್ಕ್ರಿಪ್ಟ್ ಮತ್ತು ಪೈಥಾನ್ ಎರಡರಲ್ಲೂ ಜೇಸನ್ ಬರೆಯುವ ಫಂಕ್ಷನ್‌ಗಳು ಎರರ್ ಎಸೆದು ನಿಲ್ಲುತ್ತವೆ. ಹಾಗೆ ಕೂಗಿ ನಿಲ್ಲುವುದು ಒಂದು ಉಪಕಾರ. ಹಂಚಿಕೆ ಕಳೆದುಹೋಗುವಾಗ ಅಂಥ ಕೂಗು ಇರುವುದಿಲ್ಲ. ಜಾವಾದಲ್ಲೂ ಎರಡು ದಾಖಲೆಗಳನ್ನು ಎರಡು ಬೇರೆ ಸ್ಟ್ರೀಮ್‌ಗಳಿಗೆ ಬರೆದರೆ ಫಲ ಇದೇ.

ಹ್ಯಾಶ್ ಬಳಸುವ ಸೆಟ್ ಮತ್ತು ಮ್ಯಾಪ್‌ಗಳಲ್ಲಿ ವಿಷಯ ಇನ್ನೂ ಸ್ವಾರಸ್ಯಕರ. ಜಾವಾದ ಹ್ಯಾಶ್‌ಮ್ಯಾಪ್ ತನ್ನ ಬಕೆಟ್‌ಗಳನ್ನು ಇದ್ದಂತೆ ಬರೆಯುವುದಿಲ್ಲ. ಕೀ ಮತ್ತು ಮೌಲ್ಯಗಳ ಜೋಡಿಗಳನ್ನಷ್ಟೇ ಬರೆದು, ಓದುವಾಗ ಒಂದೊಂದನ್ನೂ ಹೊಸದಾಗಿ ಸೇರಿಸುತ್ತದೆ. ಇದು ಸರಿಯಾದ ನಿರ್ಧಾರ, ಏಕೆಂದರೆ ತಮ್ಮದೇ ಹ್ಯಾಶ್‌ಕೋಡ್ ಬರೆದುಕೊಳ್ಳದ ಕ್ಲಾಸ್‌ಗಳ ಮತ್ತು ಈನಮ್‌ಗಳ ಹ್ಯಾಶ್ ಒಂದು ಓಟದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಆದರೆ ಇದರಿಂದ ಒಂದು ವಿಚಿತ್ರ ಒದಗುತ್ತದೆ. ಸೆಟ್‌ಗೆ ಸೇರಿಸಿದ ಮೇಲೆ ಒಂದು ಆಬ್ಜೆಕ್ಟನ್ನು ತಿದ್ದಿದರೆ ಅದರ ಹ್ಯಾಶ್ ಬದಲಾಗಿ, ಅದು ಸೆಟ್‌ನಲ್ಲೇ ಇದ್ದರೂ ಹುಡುಕಿದಾಗ ಸಿಗುವುದಿಲ್ಲ. ಅದೇ ಸೆಟ್ಟನ್ನು ಬರೆದು ಓದಿದರೆ ಎಲ್ಲ ಆಬ್ಜೆಕ್ಟ್‌ಗಳೂ ಹೊಸ ಹ್ಯಾಶ್‌ಗೆ ತಕ್ಕ ಜಾಗದಲ್ಲಿ ಕೂರುತ್ತವೆ, ಕಳೆದದ್ದು ಸಿಗುತ್ತದೆ. ತಿದ್ದುಪಡಿಯಿಂದ ಎರಡು ಆಬ್ಜೆಕ್ಟ್‌ಗಳು ಸಮವಾಗಿಬಿಟ್ಟಿದ್ದರೆ ಮಾತ್ರ ಓದುವಾಗ ಅವು ಒಂದಾಗುತ್ತವೆ, ಹತ್ತು ಇದ್ದ ಸೆಟ್ ಒಂಬತ್ತಾಗಿ ಹೊರಬರುತ್ತದೆ. ಯಂತ್ರ ರೀಸ್ಟಾರ್ಟ್ ಮಾಡಿದರೆ ಸರಿಹೋಗುವ, ಕೆಲವೊಮ್ಮೆ ಸದ್ದಿಲ್ಲದೆ ಲೆಕ್ಕ ಕಡಿಮೆ ತೋರಿಸುವ ಬಗ್‌ಗಳ ಬೆನ್ನು ಹತ್ತಿದಾಗ ಇಲ್ಲಿ ಒಮ್ಮೆ ಇಣುಕಿ ನೋಡಬೇಕು.

ಸೆಟ್‌ನೊಳಗಿನ ಆಬ್ಜೆಕ್ಟ್ ಆ ಸೆಟ್ಟನ್ನೇ ಹಿಡಿದುಕೊಂಡಿದ್ದರೆ ಇನ್ನೊಂದು ತೊಡಕು. ಆಬ್ಜೆಕ್ಟಿನ ಫೀಲ್ಡ್‌ಗಳು ಇನ್ನೂ ತುಂಬದಿರುವಾಗಲೇ ಸೆಟ್ ಅದರ ಹ್ಯಾಶ್ ಕೇಳುತ್ತದೆ. ಸಿಗುವುದು ಖಾಲಿ ಫೀಲ್ಡ್‌ಗಳ ಹ್ಯಾಶ್, ಇಲ್ಲವೇ ನಲ್ ಪಾಯಿಂಟರ್ ಎಕ್ಸೆಪ್ಶನ್. ಪೈಥಾನ್‌ನಲ್ಲಿ ಅಂಥ ಗುಣಲಕ್ಷಣವೇ ಇಲ್ಲ ಎಂಬ ಎರರ್. ಹ್ಯಾಶ್ ಲೆಕ್ಕವನ್ನು ಉಳಿತಾಯಕ್ಕೆಂದು ಫೀಲ್ಡಿನಲ್ಲೇ ಇಟ್ಟುಕೊಳ್ಳುವ ಕ್ಲಾಸ್‌ಗಳು ಆ ಫೀಲ್ಡನ್ನು ‘ಟ್ರಾನ್ಸಿಯೆಂಟ್’ ಎಂದು ಸಾರಿ ಬರವಣಿಗೆಯಿಂದ ಹೊರಗಿಡಬೇಕು. ಪೈಥಾನ್ 3.3ರಿಂದ ಸ್ಟ್ರಿಂಗ್‌ಗಳ ಹ್ಯಾಶ್ ಪ್ರತಿ ಓಟಕ್ಕೂ ಬೇರೆಯಾದ ಮೇಲೆ ಅಲ್ಲಿಯೂ ಈ ಎಚ್ಚರ ಅಗತ್ಯವಾಯಿತು.

ಬರೆಯುತ್ತಿರುವಾಗಲೇ ಬೇರೊಂದು ಥ್ರೆಡ್ ಆಬ್ಜೆಕ್ಟನ್ನು ತಿದ್ದಿದರೆ ಏನಾಗುತ್ತದೆಂಬುದು ಅದೃಷ್ಟಕ್ಕೆ ಬಿಟ್ಟದ್ದು. ಜಾವಾದ ಅರೇಲಿಸ್ಟ್ ಬರೆಯುವ ಮೊದಲು ತನ್ನ ಬದಲಾವಣೆಗಳ ಎಣಿಕೆಯನ್ನು ನೆನಪಿಟ್ಟುಕೊಂಡು ಕೊನೆಯಲ್ಲಿ ತಾಳೆ ನೋಡುತ್ತದೆ, ಹೊಂದದಿದ್ದರೆ ಎಕ್ಸೆಪ್ಶನ್ ಎಸೆಯುತ್ತದೆ. ಸಾಮಾನ್ಯ ಫೀಲ್ಡ್‌ಗಳಿಗೆ ಆ ಕಾವಲಿಲ್ಲ. ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ವರ್ಗವಾಗುವ ನಡುವೆ ಎರಡೂ ಖಾತೆಗಳು ಬೈಟ್‌ಗಳಿಗಿಳಿದರೆ, ಯಾವ ಕ್ಷಣದಲ್ಲೂ ಇಲ್ಲದಿದ್ದ ಮೊತ್ತ ಫೈಲಿನಲ್ಲಿ ಕಾಯಂ ಆಗುತ್ತದೆ. ಬರೆಯುವವರೆಗೂ ಲಾಕ್ ಹಿಡಿದಿರುವುದು ಒಂದು ದಾರಿ. ಲಾಕ್ ಹಿಡಿದು ಬೇಗನೆ ಒಂದು ಪ್ರತಿ ಮಾಡಿಕೊಂಡು, ಲಾಕ್ ಬಿಟ್ಟು, ಆ ಪ್ರತಿಯನ್ನು ನಿಧಾನವಾಗಿ ಬರೆಯುವುದು ಉತ್ತಮ ದಾರಿ. ನೆಟ್‌ವರ್ಕ್ ನಿಧಾನವಾದಾಗ ಇಡೀ ಪ್ರೋಗ್ರಾಮನ್ನು ಕಾಯಿಸುವುದು ತಪ್ಪುತ್ತದೆ.

ಓದುವ ದಿಕ್ಕಿನಿಂದ ಬರುವ ಅಪಾಯವನ್ನು ಜೋಶುವಾ ಬ್ಲಾಕ್ ಅವರ ‘ಎಫೆಕ್ಟಿವ್ ಜಾವಾ’ ಪುಸ್ತಕ ಮರೆಯಲಾಗದಂತೆ ತೋರಿಸುತ್ತದೆ. ಅಲ್ಲಿನ ‘ಪೀರಿಯಡ್’ ಕ್ಲಾಸಿನಲ್ಲಿ ಆರಂಭ ಮತ್ತು ಅಂತ್ಯ ಎಂಬ ಎರಡು ದಿನಾಂಕಗಳಿವೆ, ಆರಂಭವು ಅಂತ್ಯದ ನಂತರ ಬರಕೂಡದು ಎಂಬುದು ನಿಯಮ. ಜಾವಾದ ಹಳೆಯ ‘ಡೇಟ್’ ಬದಲಾಗಬಲ್ಲ ಆಬ್ಜೆಕ್ಟ್ ಆದ್ದರಿಂದ ಕನ್‌ಸ್ಟ್ರಕ್ಟರ್ ತನಗೆ ಬಂದ ದಿನಾಂಕಗಳ ಪ್ರತಿ ಮಾಡಿಕೊಂಡು, ನಂತರ ನಿಯಮ ಪರೀಕ್ಷಿಸುತ್ತದೆ. ಹೊರಗಿನಿಂದ ನೋಡಿದರೆ ಕೋಟೆಯಲ್ಲಿ ಬಿರುಕಿಲ್ಲ. ಆದರೆ ಜಾವಾದ ಮಾಮೂಲಿ ಡಿಸೀರಿಯಲೈಸೇಷನ್ ಇಂಥ ಕ್ಲಾಸಿನ ಕನ್‌ಸ್ಟ್ರಕ್ಟರನ್ನು ಕರೆಯುವುದೇ ಇಲ್ಲ. ದಾಳಿಕೋರ ಒಂದು ಸರಿಯಾದ ಪೀರಿಯಡ್ಡನ್ನು ಬೈಟ್‌ಗಳಿಗಿಳಿಸಿ, ಕೊನೆಗೆ ಐದು ಬೈಟ್ ಅಂಟಿಸುತ್ತಾನೆ: 71 00 7ಇ 00 05. ಮತ್ತೆ ಅದೇ ‘ಸದರಿ’! ಓದುವಾಗ ಮೊದಲು ಪೀರಿಯಡ್ ಸಿಗುತ್ತದೆ, ಅದರ ಬೆನ್ನಿಗೆ ಪೀರಿಯಡ್ಡಿನ ಒಡಲೊಳಗಿನ ಆರಂಭದ ದಿನಾಂಕವೇ ಕೈಗೆ ಬರುತ್ತದೆ. ಅದನ್ನು ತಿದ್ದಿದರೆ ಬದಲಾಗದೆಂದು ನಂಬಿದ್ದ ಪೀರಿಯಡ್ ಬದಲಾಗುತ್ತದೆ, ಆರಂಭ ಅಂತ್ಯವನ್ನು ದಾಟಿ ಮುಂದಕ್ಕೆ ಸರಿಯುತ್ತದೆ. ಸುತ್ತುವ ರೆಫರೆನ್ಸ್‌ಗಳನ್ನು ಅಷ್ಟು ಚೆಂದವಾಗಿ ಬಿಡಿಸಿದ ತಂತ್ರವೇ ಇಲ್ಲಿ ಕಳ್ಳದಾರಿಯಾಗಿದೆ. ಸ್ಟ್ರೀಮಿನ ವ್ಯಾಕರಣ ಬಲ್ಲವರಿಗೆ ಈ ಉದಾಹರಣೆ ಓದುವಾಗ ಮೈ ಜುಮ್ಮೆನ್ನುತ್ತದೆ.

ರಕ್ಷಣೆಗೆ ಕ್ಲಾಸಿನ ‘ರೀಡ್‌ಆಬ್ಜೆಕ್ಟ್’ ಮೆಥಡ್ಡಿನಲ್ಲಿ ದಿನಾಂಕಗಳ ಪ್ರತಿ ಮಾಡಿಕೊಳ್ಳಬೇಕು, ಆಮೇಲೆ ಪ್ರತಿಗಳನ್ನು ಪರೀಕ್ಷಿಸಬೇಕು. ಕ್ರಮ ತಿರುಗಿದರೆ ಪರೀಕ್ಷೆ ಮತ್ತು ಪ್ರತಿಯ ನಡುವಿನ ಸಂದಿನಲ್ಲಿ ಮೂಲವನ್ನು ತಿದ್ದಬಹುದು. ಪ್ರತಿಗೆ ‘ಕ್ಲೋನ್’ ಬಳಸಬಾರದು, ಏಕೆಂದರೆ ಡೇಟ್‌ನ ಹೆಸರಿನಲ್ಲಿ ಬಂದಿರುವುದು ದಾಳಿಕೋರನೇ ಬರೆದ ಉಪಕ್ಲಾಸ್ ಆಗಿರಬಹುದು. ಇದಕ್ಕಾಗಿ ಫೀಲ್ಡ್‌ಗಳ ‘ಫೈನಲ್’ ಗುರುತನ್ನು ತೆಗೆಯಬೇಕಾಗುವುದು ಬೇಸರದ ಸಂಗತಿ. ಅದಕ್ಕಿಂತ ಅಚ್ಚುಕಟ್ಟಾದದ್ದು ಪ್ರಾಕ್ಸಿ ವಿಧಾನ. ಆಬ್ಜೆಕ್ಟಿನ ಬದಲು ಅದರ ಸಾರವನ್ನಷ್ಟೇ ಹೊತ್ತ ಒಂದು ಸರಳ ಪ್ರತಿನಿಧಿಯನ್ನು ಬರೆಯುವುದು, ಓದುವಾಗ ಆ ಪ್ರತಿನಿಧಿ ಮಾಮೂಲಿ ಕನ್‌ಸ್ಟ್ರಕ್ಟರನ್ನೇ ಕರೆದು ನಿಜವಾದ ಆಬ್ಜೆಕ್ಟ್ ಕಟ್ಟುವುದು. 2014ರ ಜಾವಾ 8ರೊಂದಿಗೆ ಬಂದ ಹೊಸ ದಿನಾಂಕದ ಕ್ಲಾಸ್‌ಗಳು ಬದಲಾಗದವು, ಅವು ಬೈಟ್‌ಗಳಿಗಿಳಿಯುವುದೂ ಇಂಥ ಪ್ರತಿನಿಧಿಯ ಮೂಲಕವೇ. 2021ರ ಜಾವಾ 16ರಲ್ಲಿ ಕಾಯಂ ಆದ ‘ರೆಕಾರ್ಡ್’ ಇನ್ನೂ ಒಂದು ಹೆಜ್ಜೆ ಮುಂದೆ. ಅದನ್ನು ಓದುವಾಗ ಜಾವಾ ತಪ್ಪದೆ ಕನ್‌ಸ್ಟ್ರಕ್ಟರನ್ನು ಕರೆಯುತ್ತದೆ. ಆದರೆ ರೆಕಾರ್ಡಿನೊಳಗೆ ಬದಲಾಗಬಲ್ಲ ಲಿಸ್ಟ್ ಇಟ್ಟರೆ ಮೇಲೆ ಹೇಳಿದ ತೊಂದರೆಗಳಲ್ಲಿ ಅರ್ಧಕ್ಕರ್ಧ ಒಳಗೇ ಬಂದು ಕೂರುತ್ತವೆ.

ಇವೆಲ್ಲ ಇಷ್ಟು ಕಾಲ ಉಳಿದುಬರಲು ಸಾಮಾನ್ಯ ಟೆಸ್ಟ್‌ಗಳ ಸ್ವಭಾವವೇ ಕಾರಣ. ಒಂದು ಆಬ್ಜೆಕ್ಟನ್ನು ಒಮ್ಮೆ ಬರೆದು, ಒಮ್ಮೆ ಓದಿ, ಎರಡೂ ಸಮವೇ ಎಂದು ಕೇಳುವ ಟೆಸ್ಟಿಗೆ ಇಲ್ಲಿ ಹೇಳಿದ ಹೆಚ್ಚಿನ ತೊಂದರೆಗಳು ಸಿಕ್ಕುವುದಿಲ್ಲ. ಸೀರಿಯಲೈಸ್ ಆಗುವ ಕ್ಲಾಸ್ ಬರೆಯುವವರು ಇನ್ನು ನಾಲ್ಕು ಟೆಸ್ಟ್ ಸೇರಿಸಲಿ: ಒಂದೇ ಸ್ಟ್ರೀಮಿಗೆ ಬರೆದು, ತಿದ್ದಿ, ಮತ್ತೆ ಬರೆದು ಎರಡನ್ನೂ ಓದುವುದು, ಎರಡು ಕಡೆ ಹಂಚಿಕೊಂಡ ಆಬ್ಜೆಕ್ಟನ್ನು ಓದಿದ ಮೇಲೆ ಒಂದು ಕಡೆ ತಿದ್ದಿ ಇನ್ನೊಂದು ಕಡೆ ನೋಡುವುದು, ತನ್ನನ್ನೇ ಹಿಡಿದ ಸೆಟ್ಟನ್ನು ಬರೆದು ಓದುವುದು, ಓದಿದ ಆಬ್ಜೆಕ್ಟಿಗೆ ನಿಯಮಗಳೆಲ್ಲವನ್ನೂ ಹೊಸದಾಗಿ ಕೇಳುವುದು. ಅವುಗಳಲ್ಲಿ ಯಾವುದಾದರೂ ಬಿದ್ದರೆ ಬೈಟ್‌ಗಳನ್ನು ಹೆಕ್ಸ್‌ನಲ್ಲಿ ತೆರೆದು, ಜಾವಾದ ಸೀರಿಯಲೈಸೇಷನ್ ಸ್ಪೆಸಿಫಿಕೇಷನ್ನಿನ ಆರನೆಯ ಅಧ್ಯಾಯವನ್ನು ಪಕ್ಕದಲ್ಲಿಟ್ಟುಕೊಂಡು ಓದಲಿ. ಸ್ಟ್ರೀಮಿನ ಪೂರ್ತಿ ವ್ಯಾಕರಣ ಅಲ್ಲಿದೆ.